ಪಿಆರ್ ಸಿಕ್ಕಿತು, ಮರಳಿ ಹೋಗುವ ಕಾಗದ ಎಲ್ಲಿದೆ?

ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಈಗ ಪಿಆರ್, ಅಂದರೆ ಹೊರದೇಶದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು (ಪರ್ಮನೆಂಟ್ ರೆಸಿಡೆನ್ಸಿ), ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೆನಡಾ, ಆಸ್ಟ್ರೇಲಿಯಾ, ಅಮೆರಿಕ, ಇಂಗ್ಲೆಂಡ್ ಹೀಗೆ ಎಲ್ಲೋ ಒಂದು ಕಡೆ ಹೋಗಿ ನೆಲೆಸಿದವರು ಬಹಳಷ್ಟು ಕುಟುಂಬಗಳಲ್ಲಿ ಇದ್ದಾರೆ. ಹೋಗುವ ರೀತಿಯೂ ಹೆಚ್ಚುಕಡಿಮೆ ಒಂದೇ. ವೀಸಾ ಬಂದ ಕೂಡಲೇ, ಅದರ ಗಡುವು ಮುಗಿಯುವ ಮೊದಲು ಒಮ್ಮೆ ಹೋಗಿ ಇಳಿಯುವುದು. ಎರಡು ಮೂರು ವಾರ ಅಲ್ಲಿದ್ದು ಊರಿಗೆ ವಾಪಸಾಗುವುದು. ಕಾಫಿ ಕೊಯ್ಲು ಮುಗಿಸಿ, ತೋಟ ನೋಡಿಕೊಳ್ಳಲು ಯಾರನ್ನಾದರೂ ಗೊತ್ತು ಮಾಡಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಸೇರಿ ಹೋಗಿ ನೆಲೆಸುವುದು. ಮೊದಲ ಸಲ ಹೀಗೆ ಹೋಗಿ ಬರುವುದನ್ನು ಏಜೆಂಟರು ‘ಸಾಫ್ಟ್ ಲ್ಯಾಂಡಿಂಗ್’ ಅನ್ನುತ್ತಾರೆ.

ಮೊದಲ ಪ್ರಯಾಣಕ್ಕೆ ಯಾವ ಕಾಗದ ಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ತೊಂದರೆ ಆಗುವುದು ಎರಡನೇ ಪ್ರಯಾಣದಲ್ಲಿ. ಮನೆ ಖಾಲಿ ಮಾಡಿ, ಮಕ್ಕಳ ಟಿಸಿ ತೆಗೆಸಿ, ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ವಿಮಾನ ನಿಲ್ದಾಣದಲ್ಲಿ ‘ನಿಮ್ಮ ಪಿಆರ್ ಕಾರ್ಡ್ ಕೊಡಿ’ ಅನ್ನುತ್ತಾರೆ. ಕಾರ್ಡ್ ಕೈಯಲ್ಲಿ ಇರುವುದಿಲ್ಲ.

ಇಲ್ಲಿ ಎರಡು ವಿಷಯ ಬೇರೆ ಬೇರೆ ಇವೆ. ಆ ದೇಶದಲ್ಲಿ ಇರುವ ಹಕ್ಕು ಒಂದು. ಆ ಹಕ್ಕು ನಿಮಗಿದೆ ಅಂತ ವಿಮಾನ ಹತ್ತುವಾಗ ತೋರಿಸಬೇಕಾದ ಕಾಗದ ಇನ್ನೊಂದು. ಹಕ್ಕು ಇದ್ದೂ ಕಾಗದ ಇಲ್ಲದಿದ್ದರೆ ನೀವು ಬೆಂಗಳೂರಿನಲ್ಲೇ ಉಳಿಯುತ್ತೀರಿ. ಇದನ್ನು ತೀರ್ಮಾನಿಸುವುದು ವಲಸೆ ಅಧಿಕಾರಿಯಲ್ಲ, ಚೆಕ್-ಇನ್ ಕೌಂಟರಿನಲ್ಲಿ ಕೂತ ಸಿಬ್ಬಂದಿ. ಸರಿಯಾದ ದಾಖಲೆ ಇಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಗೆ ಆ ದೇಶ ದಂಡ ಹಾಕುತ್ತದೆ. ಮೇಲಾಗಿ ಆ ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆಯೂ ಕಂಪನಿಯದೇ. ಅದಕ್ಕೇ ಅವರು ‘ಟಿಮ್ಯಾಟಿಕ್’ ಎಂಬ ಮಾಹಿತಿ ವ್ಯವಸ್ಥೆ ನೋಡುತ್ತಾರೆ. ಯಾವ ದೇಶದ ಪಾಸ್‌ಪೋರ್ಟ್ ಇರುವವರು ಎಲ್ಲಿಗೆ ಹೋಗಲು ಏನು ಬೇಕು ಅಂತ ಅದರಲ್ಲಿ ಇರುತ್ತದೆ. ಅದರಲ್ಲಿ ‘ಪಿಆರ್ ಕಾರ್ಡ್’ ಅಂತ ಇದ್ದರೆ ಕಾರ್ಡೇ ಬೇಕು. ಮೊಬೈಲಿನಲ್ಲಿ ಇಮೇಲ್ ತೋರಿಸಿ ವಾದ ಮಾಡಿದರೆ ಸಿಬ್ಬಂದಿ ಕರಗುವುದಿಲ್ಲ. ಅವರ ತಪ್ಪೂ ಅಲ್ಲ ಬಿಡಿ.

ಇನ್ನೊಂದು ಮಾತು. ಪಿಆರ್ ಸಿಕ್ಕಿದ ಮಾತ್ರಕ್ಕೆ ಪೌರತ್ವ ಬದಲಾಗುವುದಿಲ್ಲ. ನೀವು ಭಾರತೀಯರೇ, ಪ್ರಯಾಣ ಭಾರತದ ಪಾಸ್‌ಪೋರ್ಟ್‌ನಲ್ಲೇ. ಪಿಆರ್ ಕಾರ್ಡ್, ಅಮೆರಿಕದ ಪಿಆರ್ ಕಾರ್ಡ್ ಆದ ಗ್ರೀನ್ ಕಾರ್ಡ್ ಯಾವುದೂ ಪಾಸ್‌ಪೋರ್ಟ್‌ಗೆ ಬದಲಿ ಅಲ್ಲ. ಎರಡೂ ಜೊತೆಯಲ್ಲಿ ಇರಬೇಕು. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೂ ತನ್ನದೇ ಟ್ರಾನ್ಸಿಟ್ ನಿಯಮ ಇರುತ್ತದೆ. ಅಲ್ಲಿಯೂ ಲೆಕ್ಕಕ್ಕೆ ಬರುವುದು ಭಾರತೀಯ ಪಾಸ್‌ಪೋರ್ಟೇ. ಟಿಕೆಟ್ ಅಗ್ಗ ಅಂತ ಯುರೋಪಿನ ದಾರಿ ಹಿಡಿಯುವ ಮುಂಚೆ ಇದನ್ನು ನೋಡಿಕೊಳ್ಳಬೇಕು.

ಕೆನಡಾ: ಕಾರ್ಡ್ ಅಲ್ಲಿ, ನೀವು ಇಲ್ಲಿ

ಜಾಸ್ತಿ ಗೊಂದಲ ಇರುವುದು ಕೆನಡಾ ವಿಷಯದಲ್ಲೇ. ಪಿಆರ್ ಮಂಜೂರಾದಾಗ ಭಾರತದಲ್ಲಿ ಇರುವವರಿಗೆ ಎರಡು ಸಿಗುತ್ತವೆ. ಒಂದು ಸಿಒಪಿಆರ್ ಎಂಬ ದೃಢೀಕರಣ ಪತ್ರ. ಇನ್ನೊಂದು ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ವೀಸಾ. ಸಿಒಪಿಆರ್‌ನಲ್ಲಿ ಗಡುವಿನ ದಿನಾಂಕ ಇರುತ್ತದೆ. ಸಾಮಾನ್ಯವಾಗಿ ಅದು ವೈದ್ಯಕೀಯ ಪರೀಕ್ಷೆಯ ಅವಧಿಗೆ ಇಲ್ಲವೇ ಪಾಸ್‌ಪೋರ್ಟ್ ಅವಧಿಗೆ ಹೊಂದಿಕೊಂಡಿರುತ್ತದೆ. ಅದನ್ನು ವಿಸ್ತರಿಸಿ ಕೊಡುವುದಿಲ್ಲ. ‘ಕೊಯ್ಲು ಮುಗಿಯಲಿ, ಆಮೇಲೆ ಹೋಗೋಣ’ ಅಂದರೆ ನಡೆಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸಾಫ್ಟ್ ಲ್ಯಾಂಡಿಂಗ್ ರೂಢಿಗೆ ಬಂದದ್ದೇ ಇದರಿಂದ.

ಆದರೆ ಆ ವೀಸಾ ಒಂದೇ ಪ್ರವೇಶಕ್ಕೆ. ಒಮ್ಮೆ ಇಳಿದರೆ ಅದರ ಕೆಲಸ ಮುಗಿಯಿತು. ಸಿಒಪಿಆರ್ ಪತ್ರ ನೀವು ಪಿಆರ್ ಆದಿರಿ ಅನ್ನುವುದಕ್ಕೆ ದಾಖಲೆ ಹೌದು, ಪ್ರಯಾಣದ ದಾಖಲೆ ಅಲ್ಲ. ಮರಳಿ ಹೋಗಲು ಪಿಆರ್ ಕಾರ್ಡ್ ಬೇಕು. ಆ ಕಾರ್ಡ್ ಇಳಿದ ದಿನ ಕೈಗೆ ಬರುವುದಿಲ್ಲ. ನೀವು ಕೊಟ್ಟ ಕೆನಡಾ ವಿಳಾಸಕ್ಕೆ ಕೆಲವು ವಾರಗಳ ನಂತರ ಅಂಚೆಯಲ್ಲಿ ಬರುತ್ತದೆ. ಕೆನಡಾದ ಹೊರಗಿನ ವಿಳಾಸಕ್ಕೆ ಕಳಿಸುವುದೇ ಇಲ್ಲ. ಇಳಿದ 180 ದಿನಗಳೊಳಗೆ ವಿಳಾಸ ಕೊಡದಿದ್ದರೆ ಹೊಸದಾಗಿ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು.

ನಮ್ಮವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಟೊರಾಂಟೊ ಕಡೆ ಇರುವ ನೆಂಟರ ವಿಳಾಸ ಕೊಡುತ್ತಾರೆ. ಕಾರ್ಡ್ ಅಲ್ಲಿಗೆ ಬರುತ್ತದೆ, ಯಾರಾದರೂ ಊರಿಗೆ ಬರುವಾಗ ತಂದುಕೊಡುತ್ತಾರೆ. ಕೆಲಸ ನಡೆಯುತ್ತದೆ, ಹೆಚ್ಚಿನವರದ್ದು ಹಾಗೇ ನಡೆದಿದೆ. ಆದರೆ ಫೋಟೊ ಸರಿಯಿಲ್ಲ ಅಂತ ಅಲ್ಲಿಂದ ಪತ್ರ ಬಂದರೆ, ನೆಂಟರು ಮನೆ ಬದಲಿಸಿದರೆ, ಅಂಚೆ ಕಳೆದುಹೋದರೆ ಎಲ್ಲ ನಿಂತುಬಿಡುತ್ತದೆ. ನನ್ನ ಕೇಳಿದರೆ, ಮೊದಲ ಸಲ ಹೋದಾಗ ಕಾರ್ಡ್ ಕೈಗೆ ಬರುವವರೆಗೆ ಅಲ್ಲೇ ಇದ್ದು ಬರುವುದು ಒಳ್ಳೆಯದು. ಖರ್ಚು ಜಾಸ್ತಿ ನಿಜ. ಮನೆಮಂದಿಗೆಲ್ಲ ಎರಡನೇ ಸಲ ಟಿಕೆಟ್ ಕೊಳ್ಳುವುದಕ್ಕಿಂತ ಕಡಿಮೆಯೇ.

ಕಾರ್ಡ್ ಇಲ್ಲದೆ ಊರಲ್ಲಿ ಸಿಕ್ಕಿಕೊಂಡವರಿಗೂ ದಾರಿ ಇದೆ. ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್, ಅಂದರೆ ಪಿಆರ್‌ಟಿಡಿ. ಕೆನಡಾದ ಹೊರಗಿನಿಂದಲೇ ಅರ್ಜಿ ಹಾಕಬೇಕು. ಶುಲ್ಕ 50 ಕೆನಡಾ ಡಾಲರ್. ಮಂಜೂರಾದರೆ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿ ಕೊಡುತ್ತಾರೆ, ಸಾಮಾನ್ಯವಾಗಿ ಒಂದೇ ಸಲದ ಪ್ರವೇಶಕ್ಕೆ. ಸುಮ್ನೆ ಒಂದು ಚೀಟಿ ಅಂದುಕೊಳ್ಳಬೇಡಿ. ಅರ್ಜಿ ನೋಡುವ ಅಧಿಕಾರಿ ನೀವು ವಾಸದ ಷರತ್ತು ಪಾಲಿಸಿದ್ದೀರಾ ಅಂತ ಲೆಕ್ಕ ಹಾಕುತ್ತಾರೆ. ಐದು ವರ್ಷದಲ್ಲಿ ಕನಿಷ್ಠ 730 ದಿನ ಕೆನಡಾದಲ್ಲಿ ಇರಬೇಕು, ಇದು ನಿಯಮ. ಪಿಆರ್ ಆಗಿ ಇನ್ನೂ ಐದು ವರ್ಷ ತುಂಬಿಲ್ಲದಿದ್ದರೆ, ಉಳಿದ ದಿನಗಳಲ್ಲಿ 730 ತುಂಬಿಸಲು ಸಾಧ್ಯವಿದೆಯಾ ಅಂತ ನೋಡುತ್ತಾರೆ. ಹೊಸದಾಗಿ ಇಳಿದು ಬಂದವರಿಗೆ ಹಾಗಾಗಿ ಭಯವಿಲ್ಲ. ಮೂರು ವರ್ಷ ದಾಟಿಸಿ ‘ಈ ವರ್ಷ ಕಾಳುಮೆಣಸು ಚೆನ್ನಾಗಿದೆ, ಬರುವ ವರ್ಷ ಹೋಗೋಣ’ ಅಂದವರಿಗೆ ಭಯ ಇದೆ. ಷರತ್ತು ಪಾಲಿಸಿಲ್ಲ ಅಂತ ಅರ್ಜಿ ತಿರಸ್ಕಾರವಾದರೆ ಪಿಆರ್ ಹೋಗುವ ದಾರಿ ತೆರೆಯುತ್ತದೆ. ಮೇಲ್ಮನವಿಗೆ 60 ದಿನ ಮಾತ್ರ.

ಹಾಗೆಯೇ, ಕಾರ್ಡಿನ ಅವಧಿ ಮುಗಿದರೆ ಪಿಆರ್ ಹೋಯಿತು ಅನ್ನುವುದೂ ತಪ್ಪು. ಕಾರ್ಡ್ ಐದು ವರ್ಷದ್ದು, ಹಕ್ಕು ಅಧಿಕೃತ ತೀರ್ಮಾನ ಬರುವವರೆಗೆ ಇರುತ್ತದೆ. ಅಮೆರಿಕದ ಕಡೆಯಿಂದ ಖಾಸಗಿ ಕಾರಿನಲ್ಲಿ ಗಡಿಗೆ ಹೋದರೆ ಕಾರ್ಡ್ ಇಲ್ಲದೆಯೂ ಒಳಗೆ ಬಿಡಬಹುದು ಅನ್ನುವ ಮಾತು ಕೇಳಿರುತ್ತೀರಿ, ಅದು ನಿಜ. ಆದರೆ ಅದಕ್ಕೆ ಮೊದಲು ಅಮೆರಿಕದ ವೀಸಾ ಇರಬೇಕಲ್ವಾ?

ಅಮೆರಿಕ: ಒಂದು ವರ್ಷದ ಮುದ್ರೆ

ಅಮೆರಿಕ ಈ ವಿಷಯದಲ್ಲಿ ಸ್ವಲ್ಪ ಉದಾರಿ. ವಲಸೆ ವೀಸಾ ಸಾಮಾನ್ಯವಾಗಿ ಆರು ತಿಂಗಳ ಅವಧಿಯದ್ದು. ಅದರೊಳಗೆ ಹೋಗಿ ಇಳಿದಾಗ ಪಾಸ್‌ಪೋರ್ಟ್‌ನಲ್ಲಿರುವ ಆ ವೀಸಾ ಮೇಲೆ ಮುದ್ರೆ ಬೀಳುತ್ತದೆ. ಆ ಮುದ್ರೆ ಬಿದ್ದ ವೀಸಾ ಒಂದು ವರ್ಷ ತಾತ್ಕಾಲಿಕ ಗ್ರೀನ್ ಕಾರ್ಡ್ ಇದ್ದಂತೆ. ಹಾಗಾಗಿ ಕಾರ್ಡ್ ಬರುವ ಮುಂಚೆ ಊರಿಗೆ ಬಂದರೂ ಅದನ್ನೇ ತೋರಿಸಿ ಮರಳಬಹುದು. ಕಾರ್ಡ್ ಅಚ್ಚಾಗಲು 235 ಡಾಲರ್ ವಲಸೆ ಶುಲ್ಕ ಕಟ್ಟಬೇಕು. ಅದನ್ನು ಕಟ್ಟದೆ ‘ಕಾರ್ಡ್ ಬಂದಿಲ್ಲ’ ಅಂತ ಕಾಯುವವರೂ ಇದ್ದಾರೆ.

ಅಮೆರಿಕದಲ್ಲಿ ಬಿಗಿ ಇರುವುದು ಬೇರೆ ಕಡೆ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಗ್ರೀನ್ ಕಾರ್ಡ್ ಕೈಯಲ್ಲಿದ್ದರೂ ಪ್ರವೇಶಕ್ಕೆ ಅದು ಸಾಲದು. ಅಷ್ಟು ದಿನ ಊರಲ್ಲಿ ಇರಬೇಕಾಗಬಹುದು ಅಂತ ಮೊದಲೇ ಗೊತ್ತಿದ್ದರೆ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಬೇಕು. ಅದು ಸಾಮಾನ್ಯವಾಗಿ ಎರಡು ವರ್ಷದ್ದು. ಅರ್ಜಿಯನ್ನು ಅಮೆರಿಕದಲ್ಲಿ ಇದ್ದಾಗಲೇ ಹಾಕಬೇಕು, ಮಡಿಕೇರಿಯಲ್ಲಿ ಕೂತು ಆಗುವುದಿಲ್ಲ. ಪರ್ಮಿಟ್ ಇಲ್ಲದೆ ವರ್ಷ ದಾಟಿದರೆ ಉಳಿಯುವುದು ಎಸ್‌ಬಿ-1 ಎಂಬ ಮರಳುವ ನಿವಾಸಿಗಳ ವೀಸಾ. ಅದಕ್ಕೆ, ಹೊರಡುವಾಗಲೇ ಮರಳುವ ಉದ್ದೇಶವಿತ್ತು, ತಡವಾದದ್ದು ನನ್ನ ಕೈಮೀರಿದ ಕಾರಣಕ್ಕೆ ಅಂತ ಸಾಬೀತು ಮಾಡಬೇಕು. ಅಪ್ಪ ಅಮ್ಮನ ಗಂಭೀರ ಕಾಯಿಲೆಗೆ ಆಸ್ಪತ್ರೆ ದಾಖಲೆ ಇದ್ದರೆ ಕೇಳುತ್ತಾರೆ. ತೋಟಕ್ಕೆ ಆಳು ಸಿಗಲಿಲ್ಲ ಅಂದರೆ ಕೇಳುವುದು ಕಷ್ಟ. ಕಾರ್ಡ್ ಕಳೆದುಹೋದವರ ದಾರಿ ಬೇರೆ. ಅವರು ಐ-131ಎ ಅರ್ಜಿ ಹಾಕಿ ವಿಮಾನ ಹತ್ತಲು ಅನುಮತಿ ಪಡೆಯಬಹುದು.

‘ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಸಾಕು’ ಅನ್ನುವ ಸಲಹೆ ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ. ನಂಬಬೇಡಿ. ನಿಮ್ಮ ಮನೆ, ಕೆಲಸ, ತೆರಿಗೆ ಎಲ್ಲ ಎಲ್ಲಿದೆ ಅಂತ ಅಧಿಕಾರಿ ಕೇಳಬಹುದು. ವಾಸ ಕೊಡಗಿನಲ್ಲೇ ಅಂತ ಕಂಡರೆ, ಎಷ್ಟು ಸಲ ಬಂದು ಹೋದಿರಿ ಅನ್ನುವುದು ಕೈಹಿಡಿಯುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಕಾಗದವೇ ಇಲ್ಲ. ವೀಸಾ ಕಂಪ್ಯೂಟರಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಣೆಯಾಗಿ ಇರುತ್ತದೆ. ಮೊದಲ ಪ್ರವೇಶಕ್ಕೆ ಒಂದು ದಿನಾಂಕ ಕೊಟ್ಟಿರುತ್ತಾರೆ. ಆಮೇಲೆ ಸಾಮಾನ್ಯವಾಗಿ ವೀಸಾ ಕೊಟ್ಟ ದಿನದಿಂದ ಐದು ವರ್ಷ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಐದು ವರ್ಷ ಮುಗಿದ ಮೇಲೆ ಅಲ್ಲೇ ಇದ್ದರೆ ತೊಂದರೆ ಇಲ್ಲ, ಹೊರಗೆ ಬಂದರೆ ರೆಸಿಡೆಂಟ್ ರಿಟರ್ನ್ ವೀಸಾ ಇಲ್ಲದೆ ಮರಳುವಂತಿಲ್ಲ. ಇಂಗ್ಲೆಂಡ್ ಕೂಡ ಈಗ ಇದೇ ದಾರಿಗೆ ಬಂದಿದೆ. ಅಲ್ಲಿನ ಬಿಆರ್‌ಪಿ ಎಂಬ ವಾಸದ ಪರವಾನಗಿ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯುವಂತೆ ಮಾಡಿ ಇ-ವೀಸಾಕ್ಕೆ ಬದಲಿಸಿದರು.

ಇಂಥ ದೇಶಗಳಿಗೆ ಹೋಗುವವರು ಎಡವುವುದು ಪಾಸ್‌ಪೋರ್ಟ್ ನವೀಕರಣದಲ್ಲಿ. ರಜೆಗೆ ಊರಿಗೆ ಬಂದಾಗ ಮೈಸೂರಿಗೋ ಮಂಗಳೂರಿಗೋ ಹೋಗಿ ಹೊಸ ಪಾಸ್‌ಪೋರ್ಟ್ ಮಾಡಿಸುತ್ತಾರೆ. ಸಂಖ್ಯೆ ಬದಲಾಗುತ್ತದೆ. ಹೊಸ ಸಂಖ್ಯೆಯನ್ನು ಆ ದೇಶದ ಖಾತೆಯಲ್ಲಿ ಸೇರಿಸುವುದನ್ನು ಮರೆಯುತ್ತಾರೆ. ಕೌಂಟರಿನಲ್ಲಿ ಹುಡುಕಿದರೆ ವೀಸಾ ಕಾಣುವುದಿಲ್ಲ. ಅಮೆರಿಕದ ಮುದ್ರೆ ಹಳೆಯ ಪಾಸ್‌ಪೋರ್ಟ್‌ನಲ್ಲಿ ಇದ್ದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಒಯ್ಯಬೇಕು.

ಮನೆ ಹೆಸರು ಎಲ್ಲಿಗೆ?

ಪಾಸ್‌ಪೋರ್ಟ್‌ಗೆ ಬೇಕಾದದ್ದು ಎರಡೇ ಕಾಲಂ. ಸರ್‌ನೇಮ್, ಗಿವನ್ ನೇಮ್. ಕೊಡವರ ಹೆಸರಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದರೆ ಊರಿಗೇ ಗೊತ್ತು, ಆದರೆ ಇದರಲ್ಲಿ ಸರ್‌ನೇಮ್ ಯಾವುದು? ಒಂದೇ ಮನೆಯಲ್ಲಿ ಅಣ್ಣ ಒಕ್ಕದ ಹೆಸರನ್ನು ಸರ್‌ನೇಮ್ ಮಾಡಿರುತ್ತಾನೆ, ತಮ್ಮ ಅಪ್ಪನ ಹೆಸರನ್ನು ಹಾಕಿರುತ್ತಾನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಮಾತ್ರ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಒಕ್ಕವೇ ಬದಲು. ಅರೆಭಾಷೆ ಗೌಡ ಕುಟುಂಬಗಳಲ್ಲೂ ಮನೆ ಹೆಸರಿನದು ಇದೇ ಕಥೆ.

ಯಾವುದನ್ನು ಹಾಕಿದಿರಿ ಅನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಇದೆಯಾ ಅನ್ನುವುದು ಮುಖ್ಯ. ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬೀಳುತ್ತದೆ. ಅಲ್ಲಿ ಬ್ಯಾಂಕು, ಲೈಸೆನ್ಸು ಎಲ್ಲದರಲ್ಲೂ ಅದು ಬೆನ್ನು ಬಿಡುವುದಿಲ್ಲ. ತಿದ್ದುವುದಿದ್ದರೆ ವಲಸೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ. ಮೊದಲ ಪ್ರಯಾಣಕ್ಕೂ ಎರಡನೆಯದಕ್ಕೂ ನಡುವೆ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸಿದರೆ ಕಾರ್ಡ್ ಒಂದು ಹೇಳುತ್ತದೆ, ಪಾಸ್‌ಪೋರ್ಟ್ ಇನ್ನೊಂದು ಹೇಳುತ್ತದೆ.

ಮದುವೆ, ಮಗು

ಕಾಗದದ ಎಡವಟ್ಟು ದುಡ್ಡು ಖರ್ಚಾದರೆ ಸರಿಹೋಗುತ್ತದೆ. ಇದು ಹಾಗಲ್ಲ.

ಕೆನಡಾದ ಸಿಒಪಿಆರ್ ಕೈಗೆ ಬಂತು ಅಂತ ಇಟ್ಟುಕೊಳ್ಳಿ. ಹುಡುಗನಿಗೆ ಮದುವೆಯಾಗಿಲ್ಲ. ‘ಹೋಗುವ ಮುಂಚೆ ಒಂದು ಮದುವೆ ಮುಗಿಸಿಬಿಡೋಣ, ಹುಡುಗಿಯನ್ನು ಆಮೇಲೆ ಕರೆಸಿಕೊಂಡರಾಯಿತು’ ಅಂತ ಮನೆಯ ಹಿರಿಯರು ಹೇಳುತ್ತಾರೆ. ಮದುವೆ ಆಗುತ್ತದೆ. ಹುಡುಗ ಯಾರಿಗೂ ತಿಳಿಸದೆ ‘ಅವಿವಾಹಿತ’ ಅಂತಿರುವ ಪತ್ರ ಹಿಡಿದು ಇಳಿಯುತ್ತಾನೆ. ಹೀಗೆ ಮಾಡಿದರೆ, ಮುಂದೆ ಹೆಂಡತಿಯನ್ನು ಕುಟುಂಬದ ವರ್ಗದಲ್ಲಿ ಕರೆಸಿಕೊಳ್ಳುವ ದಾರಿ ಮುಚ್ಚಬಹುದು. ಇಳಿಯುವ ಮೊದಲು ಮದುವೆಯಾದರೆ, ಮಗು ಹುಟ್ಟಿದರೆ ವಲಸೆ ಇಲಾಖೆಗೆ ತಿಳಿಸಲೇಬೇಕು, ಅವರ ಪರಿಶೀಲನೆಯೂ ಆಗಬೇಕು ಅನ್ನುವುದು ಅಲ್ಲಿನ ನಿಯಮ. 2019ರಿಂದ ಇದಕ್ಕೆ ಸ್ವಲ್ಪ ಸಡಿಲಿಕೆ ಕೊಟ್ಟಿದ್ದಾರೆ, ಆದರೆ ಅದನ್ನು ನಂಬಿಕೊಂಡು ಮುಚ್ಚಿಡುವುದು ಹುಚ್ಚುತನ. ತಿಳಿಸಿದರೆ ತಡವಾಗುತ್ತದೆ. ಇಳಿದ ಮೇಲೆ ಮದುವೆಯಾದರೆ ಸ್ಪಾನ್ಸರ್ ಮಾಡಿ ಕಾಯಬೇಕು. ಎರಡರಲ್ಲಿ ಯಾವುದಾದರೂ ಸರಿ, ಮುಚ್ಚಿಡುವುದೊಂದು ಬೇಡ. ಈ ವಿಷಯದಲ್ಲಿ ಹಿರಿಯರಿಗೆ ಎದುರು ಮಾತಾಡಿದರೂ ಪರವಾಗಿಲ್ಲ.

ಹೆರಿಗೆಯದೂ ಹೀಗೇ. ಮೊದಲ ಹೆರಿಗೆಗೆ ತವರಿಗೆ ಬರುವುದು ನಮ್ಮ ರೂಢಿ. ಗಂಡ ಹೆಂಡತಿ ಇಬ್ಬರೂ ಕೆನಡಾ ಪಿಆರ್ ಆಗಿದ್ದರೂ ಕೊಡಗಿನಲ್ಲಿ ಹುಟ್ಟಿದ ಮಗು ಪಿಆರ್ ಆಗುವುದಿಲ್ಲ. ಅದನ್ನು ಸ್ಪಾನ್ಸರ್ ಮಾಡಬೇಕು. ಆಸ್ಟ್ರೇಲಿಯಾ ಪಿಆರ್ ದಂಪತಿಯ ಮಗುವಿಗೂ ಪ್ರತ್ಯೇಕ ವೀಸಾ ಬೇಕು. ಅಮೆರಿಕದಲ್ಲಿ ಮಾತ್ರ ಒಂದು ಅನುಕೂಲ ಇದೆ. ಗ್ರೀನ್ ಕಾರ್ಡ್ ಇರುವ ತಾಯಿ ತಾತ್ಕಾಲಿಕವಾಗಿ ಊರಿಗೆ ಬಂದಾಗ ಮಗು ಹುಟ್ಟಿದರೆ, ಎರಡು ವರ್ಷದೊಳಗೆ, ಆಕೆ ಮೊದಲ ಸಲ ಮರಳುವಾಗ ಜೊತೆಯಲ್ಲೇ ಕರೆದೊಯ್ದರೆ ಮಗುವಿಗೆ ವಲಸೆ ವೀಸಾ ಬೇಕಿಲ್ಲ. ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್ ಬೇಕೇ ಬೇಕು. ‘ಮೊದಲ ಸಲ ಮರಳುವಾಗ’ ಅನ್ನುವುದನ್ನು ಎರಡೆರಡು ಸಲ ಓದಿಕೊಳ್ಳಿ. ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ತಾಯಿ ಒಬ್ಬಳೇ ಹೋಗಿ ಬಂದರೆ ಈ ಅನುಕೂಲ ಕೈತಪ್ಪುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್‌ಗೆ ಜನ್ಮದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ. ಹಾಗಾಗಿ ಅದರಲ್ಲಿ ಅಪ್ಪ ಅಮ್ಮನ ಹೆಸರಿನ ಅಕ್ಷರ ಮೊದಲ ದಿನವೇ ಸರಿ ನೋಡಿಕೊಳ್ಳಬೇಕು.

ಒಡವೆ ಮತ್ತು ತೋಟ

ಕೆನಡಾದಲ್ಲಿ ಮೊದಲ ಸಲ ಇಳಿಯುವಾಗ ಕಸ್ಟಮ್ಸ್‌ಗೆ ಸಾಮಾನಿನ ಪಟ್ಟಿ ಕೊಡಬೇಕು. ಜೊತೆಯಲ್ಲಿ ತಂದದ್ದು ಒಂದು, ಮುಂದೆ ತರುವಂಥದ್ದು ಇನ್ನೊಂದು. ಸಾಫ್ಟ್ ಲ್ಯಾಂಡಿಂಗ್‌ಗೆ ಒಂದೇ ಸೂಟ್‌ಕೇಸ್ ಹಿಡಿದು ಹೋದವರು ಎರಡನೆಯ ಪಟ್ಟಿ ಕೊಡುವುದೇ ಇಲ್ಲ. ಮುಂದಿನ ವರ್ಷ ಮನೆಮಂದಿ ಜೋಮಾಲೆ, ಕೊಕ್ಕೆತಾತಿ ಹಿಡಿದು ಹೊರಟಾಗ ಅದು ಪಟ್ಟಿಯಲ್ಲಿ ಇರುವುದಿಲ್ಲ. ಸುಂಕ, ತೆರಿಗೆಯ ಮಾತು ಬರುತ್ತದೆ. ಒಡವೆಗೆ ಫೋಟೊ, ವಿವರ, ಬೆಲೆ ಅಂದಾಜಿನ ಪತ್ರ ಮಾಡಿಸಿ ಮೊದಲ ಸಲವೇ ಪಟ್ಟಿಗೆ ಸೇರಿಸಿ. ಇಳಿಯುವ ಮೊದಲೇ ಅದು ನಿಮ್ಮದಾಗಿ, ನೀವು ಬಳಸಿದ್ದಾಗಿರಬೇಕು ಅನ್ನುವ ಷರತ್ತೂ ಇದೆ. ಇಲ್ಲಿಂದ ಹೊರಡುವಾಗ ಭಾರತದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿದರೆ, ಮತ್ತೆ ಮದುವೆಗೆ ಅಂತ ಒಡವೆ ತರುವಾಗ ಪ್ರಶ್ನೆ ಬರುವುದಿಲ್ಲ. ಪಂದಿಕರಿ ಮಾತ್ರ ಯಾವ ಪಟ್ಟಿಯಲ್ಲೂ ಸೇರಿಸಲು ನೋಡಬೇಡಿ. ಮಾಂಸದ ವಿಷಯದಲ್ಲಿ ಈ ದೇಶಗಳೆಲ್ಲ ಕಟ್ಟುನಿಟ್ಟು, ಆಸ್ಟ್ರೇಲಿಯಾ ಎಲ್ಲಕ್ಕಿಂತ ಜಾಸ್ತಿ.

ಊರಿಗೆ ಓಡಿ ಬರುವ ಕಾರಣಗಳಲ್ಲಿ ದೊಡ್ಡದು ಆಸ್ತಿ. ಜಮ್ಮಾ ಜಾಗದಲ್ಲಿ, ಅಂದರೆ ಕೊಡಗಿನ ಪರಂಪರಾಗತ ಹಿಡುವಳಿಯಲ್ಲಿ, ಒಕ್ಕದ ಹಲವರ ಹೆಸರು ಇರುತ್ತದೆ, ಪಾಲಿಗೋ ಸಾಲಕ್ಕೋ ಎಲ್ಲರ ಸಹಿ ಬೇಕಾಗುತ್ತದೆ. ಒಂದು ಸಹಿಗಾಗಿ ಕಾರ್ಡ್ ಇಲ್ಲದ ಹೊತ್ತಿನಲ್ಲಿ ದೇಶ ಬಿಟ್ಟು ಬಂದು ಸಿಕ್ಕಿಕೊಳ್ಳುವ ಬದಲು, ಮೊದಲ ಸಲ ಹೊರಡುವ ಮುಂಚೆಯೇ ಮಡಿಕೇರಿ ಅಥವಾ ವಿರಾಜಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಂಬಿಕೆಯವರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಬರೆದು ನೋಂದಾಯಿಸುವುದು ಸುಲಭ. ಪೂರ್ತಿ ಅಧಿಕಾರ ಬೇಡ, ಯಾವ ಸರ್ವೆ ನಂಬರ್, ಯಾವ ಕೆಲಸ ಅಂತ ಬಿಡಿಸಿ ಬರೆದರೆ ಸಾಕು. ಆಗಲೇ ಹೋಗಿಬಿಟ್ಟಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಬರೆದು ದೃಢೀಕರಿಸಿ ಕಳಿಸಬಹುದು. ಅಪೊಸ್ಟಿಲ್, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಅಂತಾರಾಷ್ಟ್ರೀಯ ಒಪ್ಪಂದದಂತೆ ಕೊಡುವ ದೃಢೀಕರಣದ ದಾರಿಯೂ ಇದೆ, ಕೆನಡಾ ಆ ಒಪ್ಪಂದಕ್ಕೆ ಸೇರಿ ಅದು ಜಾರಿಯಾದದ್ದು 2024ರ ಜನವರಿ 11ರಿಂದ. ಹೊರದೇಶದಲ್ಲಿ ಬರೆದ ಜಿಪಿಎ ಇಲ್ಲಿಗೆ ಬಂದು ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕವರ್ ಬಂದ ದಿನಾಂಕ ಗೊತ್ತಾಗುವ ಅಂಚೆ ಚೀಟಿಯನ್ನು ಬಿಸಾಡದೆ ಅದರ ಜೊತೆಗೇ ಪಿನ್ ಮಾಡಿ ಇಡಲು ಮನೆಯವರಿಗೆ ಹೇಳಿ.